ಏಳು ಅಡಿ ದೋಣಿ, ಹದಿನಾಲ್ಕು ಮೀಟರ್ ಉಬ್ಬರ

ನಮ್ಮ ಕರಾವಳಿಯವರಿಗೆ ಅಳಿವೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ನದಿ ಸಮುದ್ರ ಸೇರುವ ಆ ಜಾಗದಲ್ಲಿ ನೀರು ಯಾರ ಮಾತನ್ನೂ ಕೇಳುವುದಿಲ್ಲ. ನೇತ್ರಾವತಿ, ಫಲ್ಗುಣಿ ನದಿಗಳು ಕೂಡುವ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ದೋಣಿ ದಾಟಿಸುವವನು ಮೊದಲು ನೋಡುವುದು ಗಡಿಯಾರವನ್ನಲ್ಲ, ಉಬ್ಬರ ಇಳಿತವನ್ನು. ಅಲ್ಲಿ ನೀರಿನ ಏರಿಳಿತ ಸುಮಾರು ಒಂದೂವರೆ ಮೀಟರ್ ಮಾತ್ರ. ಆದರೆ ಇಂಗ್ಲೆಂಡಿನ ಪಶ್ಚಿಮ ತೀರದ ಸೆವೆರ್ನ್ ನದಿಯ ಅಳಿವೆಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು 14 ಮೀಟರಿನಷ್ಟು ಏರಿ ಇಳಿಯುತ್ತದೆ. ಅಂದರೆ ನಾಲ್ಕು ಮಹಡಿಯ ಕಟ್ಟಡದಷ್ಟು ಎತ್ತರ. ಜಗತ್ತಿನ ಅತಿ ದೊಡ್ಡ ಏರಿಳಿತಗಳಲ್ಲಿ ಇದೂ ಒಂದು.

ಇಂತಹ ನೀರಿನಲ್ಲಿ ಇಂದು ಗೆಳೆಯರ ಗುಂಪುಗಳು ನ್ಯಾರೋಬೋಟ್ ಎಂಬ ಕಿರಿದಾದ ದೋಣಿಯನ್ನು ಶಾರ್ಪ್‌ನೆಸ್‌ನಿಂದ ಪೋರ್ಟಿಸ್‌ಹೆಡ್‌ವರೆಗೆ ಸುಮಾರು 30 ಕಿ.ಮೀ. ನಡೆಸಿಕೊಂಡು ಹೋಗುತ್ತಾರೆ. ಅಲ್ಲಿಂದ ಮುಂದೆ ಬ್ರಿಸ್ಟಲ್ ನಗರ. ಈ ದೋಣಿಯ ಅಗಲ ಏಳು ಅಡಿಗಿಂತ ತುಸು ಕಡಿಮೆ, ಉದ್ದ ಎಪ್ಪತ್ತು ಅಡಿಯವರೆಗೂ ಇರಬಹುದು. ತಳ ಚಪ್ಪಟೆ. ನಿಂತ ನೀರಿಗೆಂದು ಹುಟ್ಟಿದ ದೋಣಿ ಇದು. ಇದು ಅಳಿವೆಗೆ ಬಂದದ್ದು ಹೇಗೆ ಎಂದು ಕೇಳಿಕೊಂಡರೆ ನಾವು ಇನ್ನೂರೈವತ್ತು ವರ್ಷಗಳ ಇತಿಹಾಸವನ್ನು ತಿರುವಿ ಹಾಕಬೇಕಾಗುತ್ತದೆ.

1761ರಲ್ಲಿ ಬ್ರಿಡ್ಜ್‌ವಾಟರ್‌ನ ಡ್ಯೂಕ್ ತನ್ನ ವರ್ಸ್‌ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿನ ಕಡೆಗೆ ಸಾಗಿಸಲು ಕಾಲುವೆ ತೆರೆದ. ಕಾಲುವೆ ಊರು ಮುಟ್ಟಿದಾಗ ಕಲ್ಲಿದ್ದಲಿನ ಬೆಲೆ ಅರ್ಧದಷ್ಟು ಇಳಿಯಿತು. ಅದರ ನಿರ್ಮಾಣದಲ್ಲಿ ದುಡಿದ ಜೇಮ್ಸ್ ಬ್ರಿಂಡ್ಲಿಗೆ ಓದು ಬರಹ ಅಷ್ಟಕ್ಕಷ್ಟೆ. ಲೆಕ್ಕವೆಲ್ಲ ತಲೆಯಲ್ಲೇ. ಟ್ರೆಂಟ್, ಮರ್ಸಿ, ಸೆವೆರ್ನ್, ಥೇಮ್ಸ್ ಈ ನಾಲ್ಕು ನದಿಗಳನ್ನು ಕಾಲುವೆಗಳಿಂದ ಬೆಸೆಯುವ ಕನಸು ಕಂಡವನು ಅವನು. ಗುಡ್ಡಗಾಡಿನಲ್ಲಿ ನೀರೂ ಕಡಿಮೆ, ಹಣವೂ ಕಡಿಮೆ. ಆದ್ದರಿಂದ ದೋಣಿಯನ್ನು ಮೆಟ್ಟಿಲಿನಂತೆ ಏರಿಸಿ ಇಳಿಸುವ ನೀರಿನ ಕಟ್ಟೆಗಳನ್ನು, ಅಂದರೆ ಲಾಕ್‌ಗಳನ್ನು, ಏಳು ಅಡಿ ಅಗಲಕ್ಕೆ ನಿಲ್ಲಿಸಲಾಯಿತು. ಲಾಕ್ ಕಿರಿದಾದುದರಿಂದ ದೋಣಿಯೂ ಕಿರಿದಾಯಿತು. 1772ರಲ್ಲಿ ಬ್ರಿಂಡ್ಲಿ ತೀರಿಕೊಂಡ. ಅದೇ ವರ್ಷ ಒಂದು ಕಾಲುವೆ ಸ್ಟೌರ್‌ಪೋರ್ಟ್‌ನಲ್ಲಿ ಸೆವೆರ್ನ್ ನದಿಯನ್ನು ಸೇರಿತು.

ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಡ್ಯೂಕನ ಹೆಸರಿದೆ, ಎಂಜಿನಿಯರನ ಹೆಸರಿದೆ. ಆದರೆ ಗುದ್ದಲಿ, ಸಲಿಕೆ, ಕೈಗಾಡಿಗಳಿಂದ ಸಾವಿರಾರು ಮೈಲಿ ನೆಲ ಅಗೆದವರ ಹೆಸರುಗಳೆಲ್ಲಿ? 1777ರಲ್ಲಿ ತೆರೆದ ಹೇರ್‌ಕ್ಯಾಸಲ್ ಸುರಂಗ ಎರಡೂವರೆ ಕಿ.ಮೀ.ಗೂ ಉದ್ದ. ಕುದುರೆ ನಡೆಯಲು ಅದರಲ್ಲಿ ದಾರಿ ಇರಲಿಲ್ಲ. ದೋಣಿಯವರು ಮಲಗಿ, ಸುರಂಗದ ಗೋಡೆಗೆ ಕಾಲು ಕೊಟ್ಟು ಒದೆಯುತ್ತಾ ಕತ್ತಲಲ್ಲಿ ದೋಣಿಯನ್ನು ಮುಂದೆ ತಳ್ಳಬೇಕಿತ್ತು. ಮುಂದೆ ರೈಲು ಬಂದು ಸಾಗಾಣಿಕೆಯ ಬಾಡಿಗೆ ಕುಸಿದಾಗ, ಕೂಲಿ ಕೊಟ್ಟು ಆಳಿಡಲಾಗದೆ ಅನೇಕ ದೋಣಿಕಾರರು ಹೆಂಡತಿ ಮಕ್ಕಳನ್ನೇ ದೋಣಿಗೆ ಕರೆತಂದರು. ಸುಮಾರು ಹತ್ತು ಅಡಿ ಉದ್ದದ ಕೋಣೆಯಲ್ಲಿ ಅಡುಗೆ, ನಿದ್ದೆ, ಹೆರಿಗೆ, ಸಾವು ಎಲ್ಲವೂ ನಡೆದವು. ಮಕ್ಕಳು ಶಾಲೆಯ ಮುಖ ನೋಡಲಿಲ್ಲ. ಈ ಬದುಕಿನ ಕಡೆ ಕಾನೂನು ಕಣ್ಣು ಹಾಯಿಸಿದ್ದು 1877ರಲ್ಲಿ.

ಈ ಕಥೆ ನಮಗೂ ಸಂಬಂಧಿಸಿದ್ದೇ. ಕಾಲುವೆಯ ಅಗ್ಗದ ಕಲ್ಲಿದ್ದಲು ಮ್ಯಾಂಚೆಸ್ಟರನ್ನು ಬೆಳೆಸಿತು. ಅಲ್ಲಿ ಬೆಳೆದ ಗಿರಣಿಗಳ ಬಟ್ಟೆ ಭಾರತದ ನೇಕಾರನ ಮಗ್ಗವನ್ನು ತಣ್ಣಗಾಗಿಸಿತು. ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಬ್ರಿಟನ್ನಿಗೆ ಹಡಗೇರಿತು. ಇತ್ತ ಸೆವೆರ್ನ್ ಅಳಿವೆಯ ಮೂಲಕವೇ ಬ್ರಿಸ್ಟಲ್ಲಿನ ಹಡಗುಗಳು ಆಫ್ರಿಕಾದತ್ತ ಹೊರಡುತ್ತಿದ್ದವು. 1698ರಿಂದ 1807ರವರೆಗೆ ಗುಲಾಮರ ವ್ಯಾಪಾರಕ್ಕೆಂದು ಅಲ್ಲಿಂದ ಹೊರಟ ಯಾನಗಳು ಎರಡು ಸಾವಿರಕ್ಕೂ ಹೆಚ್ಚು. ಒಂದೇ ನೀರು ಒಬ್ಬನಿಗೆ ಸಂಪತ್ತಿನ ದಾರಿಯಾದರೆ ಮತ್ತೊಬ್ಬನಿಗೆ ಸಂಕೋಲೆಯ ದಾರಿಯಾಯಿತು.

ಸೆವೆರ್ನ್ ನದಿಯ ಕೆಳಭಾಗ ಮಾತ್ರ ವ್ಯಾಪಾರಿಗಳಿಗೂ ತಲೆಬಾಗಲಿಲ್ಲ. ಮರಳ ದಿಣ್ಣೆಗಳು ಜಾಗ ಬದಲಿಸುತ್ತಿದ್ದವು. ಹೀಗಾಗಿ ನದಿಯನ್ನು ತಪ್ಪಿಸಲೆಂದೇ ಗ್ಲಾಸ್ಟರ್‌ನಿಂದ ಶಾರ್ಪ್‌ನೆಸ್‌ಗೆ 26 ಕಿ.ಮೀ. ಉದ್ದದ ದೊಡ್ಡ ಕಾಲುವೆ ತೋಡಿದರು. 1793ರಲ್ಲಿ ಅನುಮತಿ ಸಿಕ್ಕರೂ ಹಣದ ಮುಗ್ಗಟ್ಟಿನಿಂದ ಅದು ತೆರೆದದ್ದು 1827ರಲ್ಲಿ. ನದಿ ಅಲ್ಲಿಗೂ ಬಂತು. 1909ರಲ್ಲಿ ದಡ ಕುಸಿದು ಕಾಲುವೆಗೇ ಕುತ್ತು ಬಂದಾಗ, ಪರ್ಟನ್ ಎಂಬಲ್ಲಿ ಹಳೆಯ ದೋಣಿಗಳನ್ನು ಉಬ್ಬರದ ಹೊತ್ತಿನಲ್ಲಿ ದಡಕ್ಕೆ ಹತ್ತಿಸಿ, ಅವುಗಳಲ್ಲಿ ಕೆಸರು ತುಂಬಲು ಬಿಟ್ಟು ತಡೆಗೋಡೆ ಮಾಡಿದರು. ದಶಕಗಳ ಕಾಲ ಹೀಗೆ ಸೇರಿದ ದೋಣಿಗಳ ಅಸ್ಥಿಪಂಜರಗಳು ಇಂದಿಗೂ ಹುಲ್ಲಿನ ನಡುವೆ ಕಾಣುತ್ತವೆ.

1960ರ ಅಕ್ಟೋಬರ್ 25ರ ರಾತ್ರಿಯನ್ನು ಆ ಊರಿನವರು ಮರೆತಿಲ್ಲ. ದಟ್ಟ ಮಂಜು. ಆರ್ಕೆಂಡೇಲ್ ಎಚ್, ವಾಸ್ಟ್‌ಡೇಲ್ ಎಚ್ ಎಂಬ ಎರಡು ದೋಣಿಗಳು ತೈಲ ಮತ್ತು ಪೆಟ್ರೋಲ್ ಹೊತ್ತು ಉಬ್ಬರದೊಂದಿಗೆ ಶಾರ್ಪ್‌ನೆಸ್‌ಗೆ ಬರುತ್ತಿದ್ದವು. ಬಂದರಿನ ಬಾಗಿಲು ತಪ್ಪಿತು. ನೀರಿನ ಸೆಳೆತದಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡು, 1879ರಲ್ಲಿ ಕಟ್ಟಿದ ರೈಲು ಸೇತುವೆಯ ಕಂಬಕ್ಕೆ ಬಡಿದವು. ಸೇತುವೆಯ ಎರಡು ಅಂಕಣಗಳು ಮೇಲೆ ಕುಸಿದವು, ನದಿಯ ಮೇಲೆ ಬೆಂಕಿ ಹರಡಿತು. ಎಂಟು ಜನರಲ್ಲಿ ಐವರು ಸತ್ತರು. ಇವರು ಆ ನೀರನ್ನು ಬಲ್ಲವರೇ ಆಗಿದ್ದರು. ಮುಂದೆ ಸೇತುವೆಯನ್ನೇ ಕೆಡವಲಾಯಿತು. ಇಳಿತದ ಹೊತ್ತಿನಲ್ಲಿ ಆ ದೋಣಿಗಳ ಅವಶೇಷಗಳು ಕೆಸರಿನಿಂದ ಮೇಲೆದ್ದು ಕಾಣುತ್ತವೆ.

ಅಷ್ಟರಲ್ಲಿ ನ್ಯಾರೋಬೋಟಿನ ದುಡಿಮೆಯ ಕಾಲವೂ ಮುಗಿಯುತ್ತಾ ಬಂದಿತ್ತು. 1962-63ರ ಭೀಕರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕು ಸಾಗಾಣಿಕೆಗೆ ಕೊನೆಯ ಪೆಟ್ಟು ಬಿತ್ತು. ಆದರೆ ಎಲ್.ಟಿ.ಸಿ. ರೋಲ್ಟ್ ಎಂಬ ಲೇಖಕ 1944ರಲ್ಲಿ ಪ್ರಕಟಿಸಿದ 'ನ್ಯಾರೋ ಬೋಟ್' ಪುಸ್ತಕ ಜನರ ಮನಸ್ಸನ್ನು ಕಾಲುವೆಗಳತ್ತ ತಿರುಗಿಸಿತ್ತು. 1946ರಲ್ಲಿ ಅವುಗಳ ಉಳಿವಿಗಾಗಿ ಸಂಘವೊಂದು ಹುಟ್ಟಿತು. ಮುಚ್ಚಿಹೋಗಿದ್ದ ಕಾಲುವೆಗಳ ಹೂಳನ್ನು ಸ್ವಯಂಸೇವಕರು ಎತ್ತಿದರು. ಹೊಟ್ಟೆಪಾಡಿನ ದೋಣಿ ಹೀಗೆ ವಿರಾಮದ ದೋಣಿಯಾಯಿತು, ಕೆಲವರಿಗೆ ಮನೆಯೂ ಆಯಿತು.

ಈಗ ಮತ್ತೆ ಅಳಿವೆಗೆ ಬರೋಣ. ಈ ದಾರಿ ಹಿಡಿಯುವ ಗೆಳೆಯರು ಮೊದಲು ಅನುಭವಿ ಪೈಲಟ್ ಒಬ್ಬನನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಗಾಳಿ ಜೋರಿದ್ದರೆ ದಿನಗಟ್ಟಲೆ ಕಾಯುತ್ತಾರೆ. ಲಂಗರು, ಜೀವರಕ್ಷಕ ಅಂಗಿ, ರೇಡಿಯೋ ಬೇಕೇ ಬೇಕು. ಅಲೆ ನುಗ್ಗದಂತೆ ಮುಂಬಾಗಿಲನ್ನು ಹಲಗೆಯಿಂದ ಬಿಗಿಯುತ್ತಾರೆ. ದೋಣಿ ಹೊಯ್ದಾಡಿದಾಗ ಇಂಧನ ತೊಟ್ಟಿಯ ತಳದ ಕೊಳೆ ಮೇಲೆದ್ದು ಎಂಜಿನ್ ನಿಂತುಹೋಗಬಹುದು ಎಂದು ಅದನ್ನೂ ಪರೀಕ್ಷಿಸುತ್ತಾರೆ. ಉಬ್ಬರ ತುಂಬಿದ ಹೊತ್ತಿಗೆ ಶಾರ್ಪ್‌ನೆಸ್ ಬಿಟ್ಟು, ಇಳಿಯುವ ನೀರಿನ ಜೊತೆ ಹೊರಡುತ್ತಾರೆ. ಕಾಲುವೆಯಲ್ಲಿ ಗಂಟೆಗೆ ನಾಲ್ಕು ಮೈಲಿ ಮೀರಬಾರದ ದೋಣಿ ಇದು. ಇಲ್ಲಿ ನೀರೇ ಅದಕ್ಕಿಂತ ವೇಗವಾಗಿ ಓಡುತ್ತದೆ. 1966ರ ಮತ್ತು 1996ರ ಎರಡು ದೊಡ್ಡ ಸೇತುವೆಗಳ ಕೆಳಗೆ ಹಾದು ಪೋರ್ಟಿಸ್‌ಹೆಡ್ ತಲುಪಿದರೂ, ಅಲ್ಲಿನ ಲಾಕ್‌ಗೆ ಬೇಕಾದಷ್ಟು ನೀರು ಇಲ್ಲದಿದ್ದರೆ ಅದು ಮತ್ತೆ ಏರುವವರೆಗೆ ಹೊರಗೆ ಕಾಯಬೇಕಾಗಬಹುದು.

ಇದರಲ್ಲಿ ನಾವು ಗಮನಿಸಬೇಕಾದದ್ದು ಸಾಹಸವನ್ನಲ್ಲ, ವಿನಯವನ್ನು. ದೋಣಿಯ ಒಡೆಯ ತನ್ನ ದೋಣಿಯ ಮೇಲೆಯೇ ಪೈಲಟನ ಮಾತಿಗೆ ಕಿವಿಗೊಡುತ್ತಾನೆ. ಪೈಲಟನ ತಿಳಿವಳಿಕೆಯಾದರೋ ಅವನೊಬ್ಬನದ್ದಲ್ಲ. ಮರಳ ದಿಣ್ಣೆ ಎಲ್ಲಿ ಸರಿದಿದೆ, ಸೆಳೆತ ಎಲ್ಲಿ ತಿರುಗುತ್ತದೆ ಎಂಬುದನ್ನು ತಲೆಮಾರುಗಳ ದುಡಿಯುವ ಜನ ಕಲಿತರು. ಕೆಲವರು ಪ್ರಾಣ ತೆತ್ತು ಕಲಿತರು. ಇಂದಿನ ಗೆಳೆಯರು ಚಹಾ ಕುಡಿಯುತ್ತಾ ದಾಟುವ ನೀರಿನಲ್ಲಿ ಅವರ ಋಣವಿದೆ.

ನಮ್ಮ ಅಳಿವೆಗಳಲ್ಲೂ ಇಂತಹ ತಿಳಿವಳಿಕೆಯಿದೆ. ಮಂಜಿಯಲ್ಲಿ ಲಕ್ಷದ್ವೀಪಕ್ಕೆ ಸರಕು ಒಯ್ದವರು, ಕಡವಿನಲ್ಲಿ ಜಾತಿ ಮತ ಕೇಳದೆ ಎಲ್ಲರನ್ನೂ ದಾಟಿಸಿದವರು ಅದನ್ನು ಕಾಪಾಡಿಕೊಂಡು ಬಂದರು. ಅವರಲ್ಲಿ ಹಲವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಬಳಿ ಕುಳಿತು ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ನಾವು ಎಷ್ಟರ ಮಟ್ಟಿಗೆ ಮಾಡಿದ್ದೇವೆ? ಇಳಿತ ಶುರುವಾದ ಮೇಲೆ ಅಳಿವೆ ಯಾರಿಗಾಗಿಯೂ ಕಾಯುವುದಿಲ್ಲ.