ಹಂದಿಗೆ ಯಾವ ಈಡು? ಕೊಡಗಿನ ಕೋವಿಯ ಕತೆ

ಬಲಿತ ಗಂಡು ಕಾಡುಹಂದಿಯ ಹೆಗಲಿನಲ್ಲಿ, ಚರ್ಮದ ಅಡಿಗೆ, ಗಡುಸಾದೊಂದು ಪದರವಿರುತ್ತದೆ. ಬೆದೆಯ ಕಾಲದಲ್ಲಿ ಗಂಡುಗಳು ಕಾದಾಡುವಾಗ ಎದುರಾಳಿಯ ಕೋರೆ ಒಳಗಿಳಿಯದಂತೆ ತಡೆಯುವುದು ಅದರ ಕೆಲಸ. ಕೋವಿ ಹಿಡಿದವನ ಲೆಕ್ಕವೂ ಅಲ್ಲಿಂದಲೇ ಶುರು. ಕಾಡುಕೋಳಿಗೆಂದು ತುಂಬಿದ ಸಣ್ಣ ಚರೆ ಆ ಹೆಗಲನ್ನು ಕೆರಳಿಸುತ್ತದೆಯೇ ಹೊರತು ಕೆಡವುವುದಿಲ್ಲ. ಗಾಯಗೊಂಡ ಒಂಟಿಗ ತಿರುಗಿ ಬಿದ್ದರೆ ಮೊದಲು ಹೊಟ್ಟೆ ಬಗೆಸಿಕೊಳ್ಳುವುದು ನಾಯಿಗಳು, ಆಮೇಲೆ ಮನುಷ್ಯರು.

ಹಾಗಾದರೆ ಹಂದಿಗೆ ಯಾವ ಕೋವಿ, ಯಾವ ಈಡು? ಕೊಡಗಿನಲ್ಲಿ ಈ ಪ್ರಶ್ನೆಗೆ ಕಾಡು ಒಂದು ಉತ್ತರ ಕೊಟ್ಟಿತು. ಸರ್ಕಾರಿ ಕಾಗದಗಳು ಕಾಲಕಾಲಕ್ಕೆ ಬೇರೆಬೇರೆ ಉತ್ತರ ಕೊಡುತ್ತ ಬಂದವು.

ಕಾಡಿನ ಉತ್ತರ ಸರಳವಾಗಿತ್ತು. ಹಂದಿಗೆ ಕಣ್ಣು ಮಂದ, ಮೂಗು ಕಿವಿ ಚುರುಕು. ಹಿಂದೆ ಹಿಂದೆ ಹೋಗಿ ಹೊಡೆಯುವುದು ಕಷ್ಟ. ಆದ್ದರಿಂದ ಊರವರೆಲ್ಲ ಕೂಡಿ ನಡೆಸುವ ಸೋವಿನ ಬೇಟೆಯೇ ರೂಢಿ. ಒಂದು ಕಡೆಯಿಂದ ನಾಯಿಗಳೊಂದಿಗೆ ಜನ ಕೂಗುತ್ತ ಹಳು ನುಗ್ಗುತ್ತಾರೆ. ಇನ್ನೊಂದು ಕಡೆ, ಹಂದಿ ಹಾಯುವ ಕಂಡಿಗಳಲ್ಲಿ, ಕೋವಿಯವರು ಕಾದಿರುತ್ತಾರೆ. ಪೊದೆ ಸೀಳಿಕೊಂಡು ಹಂದಿ ಕಾಣಿಸಿಕೊಳ್ಳುವುದು ಹತ್ತಿಪ್ಪತ್ತು ಮಾರು ದೂರದಲ್ಲಿ, ಅದೂ ಕ್ಷಣಮಾತ್ರ. ಇಲ್ಲಿ ಮೈಲುಗಟ್ಟಲೆ ಹಾರುವ ಗುಂಡಿನಿಂದ ಲಾಭವಿಲ್ಲ. ಗುರಿ ತಪ್ಪಿದರೆ ಅದು ಹಳುವಿನಾಚೆಯ ಮನುಷ್ಯನಿಗೆ ತಗಲುವ ಭಯವೇ ಹೆಚ್ಚು. ಬೇಕಾದದ್ದು ಹತ್ತಿರದಲ್ಲಿ ಬಲವಾಗಿ ಬಡಿಯುವ ದಪ್ಪ ಸೀಸ.

ಬಾಯಿಂದ ತುಂಬುವ ಕೇಪಿನ ಕೋವಿ ಈ ಕೆಲಸಕ್ಕೆ ಒಗ್ಗಿಕೊಂಡದ್ದು ಹೀಗೆ. ನಳಿಗೆಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಮೇಲೆ ಗುಂಡನ್ನೋ ಚರೆಯನ್ನೋ ಇಳಿಸಿ, ಕೊನೆಗೆ ಕೇಪು ಕೂರಿಸಬೇಕು. ಹಕ್ಕಿಗಾದರೆ ಮದ್ದು ಕಡಿಮೆ, ಚರೆ ಸಣ್ಣದು. ಹಂದಿಗಾದರೆ ಮದ್ದು ಹೆಚ್ಚು, ಸೀಸದ ಗುಂಡು. ಹದ ಪೂರ್ತಿ ತುಂಬುವವನ ಕೈಯಲ್ಲಿತ್ತು. ತೊಂದರೆಯೂ ಅಲ್ಲಿಯೇ ಇತ್ತು: ಒಂದು ಈಡು ಹಾರಿದ ಮೇಲೆ ಇನ್ನೊಂದಕ್ಕೆ ಹಂದಿ ಕಾಯುವುದಿಲ್ಲ. ಮಳೆಯಲ್ಲಿ ಮದ್ದು ಒದ್ದೆಯಾದರೆ ಮೊದಲನೆಯದೂ ಇಲ್ಲ.

ತೋಟಾ ಕೋವಿ ಬಂದ ಮೇಲೆ ಹದವನ್ನು ಕಾರ್ಖಾನೆ ತೀರ್ಮಾನಿಸತೊಡಗಿತು. ಹನ್ನೆರಡು ಬೋರು ಎಂದರೆ, ಒಂದು ಪೌಂಡ್ ಸೀಸದಿಂದ 12 ಸಮ ಗುಂಡು ಎರೆದರೆ ಅವುಗಳಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಬ್ರಿಟಿಷ್ ಅಳತೆಯಲ್ಲಿ ನಾಲ್ಕನೇ ನಂಬರಿನ ಚರೆ ಔನ್ಸಿಗೆ 170 ತೂಗಿದರೆ, ಎಸ್.ಜಿ. ಎಂಬ ದಪ್ಪ ಚರೆ ಬರೀ 8, ಅದಕ್ಕಿಂತ ದಪ್ಪದ ಎಲ್.ಜಿ. ಬರೀ 6. ಹಂದಿಗೆ ಬೇಟೆಗಾರರು ಜೋಡು ನಳಿಗೆಯಲ್ಲಿ ಇಳಿಸುತ್ತಿದ್ದದ್ದು ಈ ಎಲ್.ಜಿ.ಯನ್ನು, ಇಲ್ಲವೇ ಇಡೀ ಗುಂಡನ್ನು.

ಇಷ್ಟೆಲ್ಲ ಆರಿಸಿಕೊಳ್ಳಲು ಮೊದಲು ಕೋವಿ ಮನೆಯಲ್ಲಿರಬೇಕಲ್ಲ. ಕೊಡಗಿನಲ್ಲಿ ಅದು ಉಳಿದದ್ದಕ್ಕೆ ಕಾರಣ ರಾಜಕೀಯ. 1834ರಲ್ಲಿ ಬ್ರಿಟಿಷರು ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡರು. ತಮ್ಮ ವಿರುದ್ಧ ಎದ್ದ 1837ರ ಅಮರ ಸುಳ್ಯದ ದಂಗೆಯಲ್ಲಿ ತಮ್ಮ ಪರ ನಿಂತ ಕೊಡವರಿಗೆ ಪದಕ ಕೊಟ್ಟರು. ಒಡಿಕತ್ತಿ ಎತ್ತಿದ ಕೊಡವ ಯೋಧನ ಚಿತ್ರ ಅದರ ಮೇಲಿತ್ತು. 1857ರ ದಂಗೆಯ ಬೆನ್ನಿಗೆ ದೇಶದಲ್ಲಿ ಆಯುಧ ಕಸಿಯುವ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿ 26ರಂದು ಕೊಡವರನ್ನು ಅದರಿಂದ ಹೊರಗಿಟ್ಟು ಘೋಷಣೆ ಹೊರಡಿಸಿದರು. ಸೈನಿಕ ಸೇವೆಯ ಹೊಣೆಯ ಮೇಲೆ ವಂಶಪಾರಂಪರ್ಯವಾಗಿ ಜಮ್ಮ ಭೂಮಿ ಹಿಡಿದವರಿಗೂ ಈ ವಿನಾಯಿತಿ ಸಲ್ಲುತ್ತ ಬಂತು. ನೆರೆಯ ಸೀಮೆಗಳ ರೈತ ಲೈಸೆನ್ಸಿಗಾಗಿ ಕಚೇರಿ ಅಲೆಯುವಾಗ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಲದ ಮೂಲಮನೆಗಳಲ್ಲಿ, ತೋಕ್ (ಕೋವಿ) ಗೋಡೆಯ ಮೇಲೆ ಉಳಿಯಿತು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು. ಬೇಟೆಗೊಬ್ಬ ಅಯ್ಯಪ್ಪನೂ ಇದ್ದಾನೆ. ದೇವರಕಾಡಿನಲ್ಲಿ ಅವನಿಗೆ ಸಲ್ಲುವ ಹರಕೆ ಮಣ್ಣಿನ ನಾಯಿ.

ಸೋಜಿಗವೆಂದರೆ, ಅದೇ ಬ್ರಿಟಿಷರು ಬಯಲುಸೀಮೆಯಲ್ಲಿ ಹಂದಿಗೆ ಗುಂಡು ಹೊಡೆಯುವುದನ್ನು ಹೇಸಿಗೆಯೆಂದು ಬಗೆಯುತ್ತಿದ್ದರು. ಕುದುರೆಯ ಮೇಲೆ ಅಟ್ಟಿಸಿಕೊಂಡು ಹೋಗಿ ಈಟಿಯಿಂದ ಇರಿಯುವುದಷ್ಟೇ ಅವರಿಗೆ ಮರ್ಯಾದೆಯ ಆಟ. ಮೀರತ್ ಬಳಿ ಗಂಗೆಯ ತಗ್ಗುಬಯಲಿನಲ್ಲಿ ಅದಕ್ಕೆಂದೇ ಕಾದಿರ್ ಕಪ್ ಪಂದ್ಯ ನಡೆಯುತ್ತಿತ್ತು. 1883ರಲ್ಲಿ ಅದನ್ನು ಗೆದ್ದವರು, ಮುಂದೆ ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್. 1889ರಲ್ಲಿ ಅವರು ಹಂದಿ ಇರಿಯುವ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದರು. ಕುದುರೆ ಓಡಲಾಗದ ಮಲೆಗಳಲ್ಲಿ ಮಾತ್ರ ದೊರೆಗಳ ಈ ನೇಮಕ್ಕೆ ರಿಯಾಯಿತಿ. ಅಲ್ಲಿ ಓಡಾಡುವ ಶಿಕಾರಿಗಳಿಗಾಗಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ ಪ್ಯಾರಡಾಕ್ಸ್ ಎಂಬ ಕೋವಿ ತಯಾರಿಸಿತು. ಕರ್ನಲ್ ಫಾಸ್ಬೆರಿ 1885ರಲ್ಲಿ ಪೇಟೆಂಟ್ ಪಡೆದ ಈ ಬಗೆಯಲ್ಲಿ ನಳಿಗೆಯ ಕೊನೆಯ ಕೆಲವು ಅಂಗುಲಕ್ಕಷ್ಟೇ ತಿರುಪು ಗೀರುಗಳು. ಹಕ್ಕಿಗೆ ಚರೆಯೂ ಆಯಿತು, ಹಂದಿಗೆ ನೆಟ್ಟಗೆ ಹೋಗುವ ಗುಂಡೂ ಆಯಿತು.

ರೈಫಲಿನ ಕತೆಯಲ್ಲಿ ಸರ್ಕಾರದ ಕೈ ಇನ್ನೂ ಢಾಳಾಗಿ ಕಾಣುತ್ತದೆ. ಸೇನೆಯ ಮಾರ್ಟಿನಿ ಹೆನ್ರಿ ಬಂದೂಕು .450 ಅಂಗುಲ ಅಳತೆಯದು. ಶಿಕಾರಿಗೆಂದು ತರಿಸಿದ ಅದೇ ಅಳತೆಯ ಗುಂಡು ಬಂಡುಕೋರರ ಕೈ ಸೇರೀತೆಂಬ ಭಯದಿಂದ 1907ರ ಹೊತ್ತಿಗೆ ಭಾರತಕ್ಕೆ ಅದರ ಆಮದು ನಿಂತಿತು. ಇಂಗ್ಲೆಂಡಿನ ಕೋವಿ ತಯಾರಕರು ಕಾನೂನಿನ ಸಂದಿಯಲ್ಲಿ ನುಸುಳಲು .465, .470 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದರು. ಸೇನೆಯ .303 ಕೂಡ ಸಾಮಾನ್ಯರಿಗೆ ನಿಷಿದ್ಧ. ಇಂದಿಗೂ ಅದು ನಿಷೇಧಿತ ಬೋರು.

ಆ ಜಾಗ ತುಂಬಿದ್ದು .315. ಮೂಲದಲ್ಲಿ ಇದು ಆಸ್ಟ್ರಿಯಾದ ಮಾನ್ಲಿಕರ್ ಬಂದೂಕಿನ 8 ಮಿಲಿಮೀಟರ್ ತೋಟಾ. ಬ್ರಿಟಿಷ್ ಸೇನೆ ಬಳಸುತ್ತಿರಲಿಲ್ಲವೆಂಬುದೇ ಅದರ ದೊಡ್ಡ ಅರ್ಹತೆ. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಅದಕ್ಕೆ ತಕ್ಕ ರೈಫಲ್ ಮಾಡಿ ಭಾರತದಲ್ಲಿ ಮಾರಿತು. ಸ್ವಾತಂತ್ರ್ಯಾನಂತರ ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆ ಅದನ್ನೇ ಮುಂದುವರಿಸಿತು. ಮೂತಿಯಲ್ಲಿ ಸೀಸ ಬಿಟ್ಟ, ಸುಮಾರು 16 ಗ್ರಾಂ ತೂಕದ ಅದರ ಗುಂಡು ಹಂದಿಯ ಹೆಗಲಿಗೆ ಬೇಕಾದಷ್ಟಾಯಿತು. 1980ರ ದಶಕದಲ್ಲಿ ವಿದೇಶಿ ಕೋವಿಗಳ ಆಮದು ನಿಂತ ಮೇಲಂತೂ ಕೊಳ್ಳುವವನ ಮುಂದೆ ಉಳಿದದ್ದು ಇಂಥ ಸರ್ಕಾರಿ ಮಾಲು, ಪುಣೆಯ ಖಡ್ಕಿಯಲ್ಲಿ ತಯಾರಾಗುವ ಶಕ್ತಿಮಾನ್ ತೋಟಾ, ಅಜ್ಜಂದಿರು ಬಿಟ್ಟುಹೋದ ಹಳೆಯ ಜೋಡು ನಳಿಗೆ, ಇಷ್ಟೇ.

ಆ ವೇಳೆಗೆ ಹಂದಿಯೇ ಕೈತಪ್ಪಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಂದಿಯನ್ನು ರಕ್ಷಣೆಯುಳ್ಳ ಪ್ರಾಣಿಗಳ ಮೂರನೇ ಅನುಸೂಚಿಗೆ ಸೇರಿಸಿತು. 2022ರ ತಿದ್ದುಪಡಿ ಎರಡನೆಯದಕ್ಕೆ ಏರಿಸಿತು. ಸೆಪ್ಟೆಂಬರ್ 3ರ ಸುಮಾರಿಗೆ, ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಇಂದಿಗೂ ಕೋವಿಗೆ ಪೂಜೆಯುಂಟು. ಪೂಜೆಯ ನಂತರದ ಈಡು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಅಕ್ಕಿಯ ಕಡಂಬುಟ್ಟಿನ ಜೊತೆಗೆ ಬಡಿಸುವ, ಕಾಚಂಪುಳಿಯ ಹುಳಿ ಬಿದ್ದ ಪಂದಿ ಕರಿಗೆ ಮಾಂಸ ಸಾಕುಹಂದಿಯದು.

ಕೋವಿಯ ಹಕ್ಕು ಮಾತ್ರ ಕಾನೂನಿನಲ್ಲಿ ಮುಂದುವರಿದಿದೆ. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್ ಹಾಗೂ 100 ಗುಂಡು, ಒಂದು ಚರೆಕೋವಿ ಹಾಗೂ 500 ತೋಟಾ ಎಂಬ ಮಿತಿಯನ್ನು ವಿನಾಯಿತಿಯ ಆದೇಶವೇ ಹಾಕಿದೆ. ವಿನಾಯಿತಿಯನ್ನೇ ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು. ಆದರೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಗದ್ದೆ ಉತ್ತ ಹಂದಿಗೆ ಗುಂಡು ಹಾರಿಸುವಂತಿಲ್ಲ. ಅದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇರೆಯೇ ಬೇಕು. ಗಡಿಯಾಚೆಯ ಕೇರಳ 2022ರಲ್ಲಿ ಅಂಥ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿತು. ಕೊಡಗಿನ ವಿನಾಯಿತಿಯ ಈಗಿನ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅದನ್ನು ಮುಂದುವರಿಸುವ ಬಗ್ಗೆ ತೀರ್ಮಾನ ಆಗಬೇಕಾದದ್ದು ದೆಹಲಿಯ ಗೃಹ ಸಚಿವಾಲಯದಲ್ಲಿ.