ಮನೋರೋಗದಿಂದ ಚೇತರಿಕೆ: ಊರಿನ ಹತ್ತಿರ ಸಿಗುವ ಸೇವೆಗಳು



ಮನೋರೋಗಕ್ಕೆ ಚಿಕಿತ್ಸೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್. ರೋಗಿಯನ್ನು ಅಲ್ಲಿಗೆ ಕರೆದೊಯ್ದು, ಸ್ವಲ್ಪ ಗುಣವಾದ ಮೇಲೆ ಮನೆಗೆ ಕರೆತರುತ್ತಾರೆ. ಮಾತ್ರೆ ಮುಗಿದ ಮೇಲೆ ಮತ್ತೆ ಅಷ್ಟು ದೂರ ಹೋಗಲು ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಬೇಕು. ಹಾಗಾಗಿ ಔಷಧಿ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಆಸ್ಪತ್ರೆಯಲ್ಲಿ ಶುರುವಾದ ಚೇತರಿಕೆ ಉಳಿಯಬೇಕಾದರೆ ಊರಿನ ಹತ್ತಿರ ಸೇವೆ ಇರಬೇಕು.

ಬಳ್ಳಾರಿ ಮಾದರಿ

ಈ ಮಾತನ್ನು ಮೊದಲು ಜಿಲ್ಲಾ ಮಟ್ಟದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ. 1985ರಿಂದ ನಿಮ್ಹಾನ್ಸ್ ತಜ್ಞರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ಔಷಧಿ ಮುಂದುವರಿಸುವ ತರಬೇತಿ ಕೊಟ್ಟರು. ಅಗತ್ಯ ಮಾತ್ರೆಗಳು ಆ ಕೇಂದ್ರಗಳಲ್ಲೇ ಸಿಗುವ ಏರ್ಪಾಡಾಯಿತು. ಕಷ್ಟದ ಪ್ರಕರಣಗಳು ಮಾತ್ರ ಜಿಲ್ಲಾ ಆಸ್ಪತ್ರೆಗೆ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದವಾನಿ, ರಾಯದುರ್ಗದ ಸದಸ್ಯರಿಗೆ ಇದು ನೆರೆಮನೆಯ ಸುದ್ದಿ.

ಎಲ್ಲಿ ವಿಚಾರಿಸಬೇಕು

1. ಜಿಲ್ಲಾ ಆಸ್ಪತ್ರೆ: ನಿಮ್ಮ ಜಿಲ್ಲೆ ಯಾವ ರಾಜ್ಯದ್ದೇ ಇರಲಿ, ಮನೋವೈದ್ಯ ವಿಭಾಗದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ನಿಮ್ಮ ತಾಲ್ಲೂಕಿನ ಕಡೆ ಅವರು ಯಾವ ದಿನ ಬರುತ್ತಾರೆಂದು ಬರೆದುಕೊಳ್ಳಿ.

2. ಟೆಲಿ ಮಾನಸ್, ದೂರವಾಣಿ 14416: 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಸೇವೆ. ಹಗಲೂ ರಾತ್ರಿ ಉಚಿತ. ಕನ್ನಡದಲ್ಲೂ ಮಾತನಾಡಬಹುದು. ರೋಗಿಯೇ ಅಲ್ಲ, ಮನೆಯವರೂ ಕರೆ ಮಾಡಬಹುದು.

3. ಗಡಿ ದಾಟಿ ಬರುವವರಿಗೆ: ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಭೇಟಿ ಕೊಡುತ್ತಾರೆ. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಕಳೆದು ಕೆಲಸ ಕಲಿಯಲು ಮಾನಸಧಾರ ಕೇಂದ್ರಗಳಿವೆ. ಹೊರಡುವ ಮುನ್ನ ದಿನ, ವೇಳೆ ವಿಚಾರಿಸಿ.

ಕಾನೂನಿನ ಹಕ್ಕು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಗಡಿಯ ಎರಡೂ ಬದಿಗೆ ಒಂದೇ. ಅದರಂತೆ ರೋಗಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ. ಮನೆಯವರು ಕೈಬಿಟ್ಟರು ಎಂಬ ಕಾರಣಕ್ಕೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತ. ನಮಗೆ ಮುಖ್ಯವಾದ ಇನ್ನೊಂದು ಅಂಶ: ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಮಲಯಾಳ, ತಮಿಳು, ಮರಾಠಿ, ತೆಲುಗು ಚೆನ್ನಾಗಿ ಬಾರದ ಹಿರಿಯರು ಸುಮ್ಮನೆ ತಲೆಯಾಡಿಸಿ ಬರಬೇಕಿಲ್ಲ. ಕನ್ನಡ ಬಲ್ಲವರಿಂದ ಹೇಳಿಸಿ ಎಂದು ಕೇಳುವುದು ಹಕ್ಕು, ಉಪಕಾರವಲ್ಲ.

ದೀರ್ಘಕಾಲದ ಮನೋರೋಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿಯೂ ಬರುತ್ತದೆ. ಈ ಕಾಯ್ದೆಯಡಿ ಪಡೆದ ಪ್ರಮಾಣಪತ್ರಕ್ಕೆ ದೇಶವಿಡೀ ಮಾನ್ಯತೆ ಇದೆ.

ಮನೆಯವರು ಮಾಡಬೇಕಾದದ್ದು

ಒಂದು ಫೈಲು ಮಾಡಿ. ಡಿಸ್‌ಚಾರ್ಜ್ ಚೀಟಿ, ಇತ್ತೀಚಿನ ಔಷಧಿ ಚೀಟಿ, ಆಧಾರ್, ರೇಷನ್ ಕಾರ್ಡ್ ಪ್ರತಿ ಅದರಲ್ಲಿರಲಿ. ಹತ್ತಿರದ ವೈದ್ಯರು ಚಿಕಿತ್ಸೆ ಮುಂದುವರಿಸಲು ಇದೇ ಆಧಾರ. ಮಾತ್ರೆ ಮುಗಿಯುವ ವಾರದ ಮೊದಲೇ ಮುಂದಿನದಕ್ಕೆ ವ್ಯವಸ್ಥೆ ಮಾಡಿ. ಹುಷಾರಾಗಿ ಕಂಡರೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿದ್ದೆಗೆಡುವುದು, ಒಬ್ಬರೇ ಕೂರುವುದು, ಊಟ ಬಿಡುವುದು ಮತ್ತೆ ಕಂಡರೆ ಕಾಯದೆ ತೋರಿಸಿ. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ 14416ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದವರು ಮಾಡಬಹುದಾದದ್ದೂ ಇದೆ. ಚೇತರಿಸಿಕೊಂಡವರನ್ನು ಮದುವೆ, ಹಬ್ಬಕ್ಕೆ ಕರೆಯಿರಿ. ಅಂಗಡಿಯಲ್ಲಿ, ಹೊಲದಲ್ಲಿ ಕೈಲಾಗುವ ಕೆಲಸ ಕೊಡಿ. ಔಷಧಿಯಷ್ಟೇ ಇದೂ ಬೇಕು.

— ಕಾರ್ಯದರ್ಶಿ