ಒಂದು ಕೌಂಟಿ, ಎರಡು ಶಾಲೆ, ಐದು ವರ್ಷದ ಬೀಗ

ಎರಡು ಶಾಲೆಗಳನ್ನು ಹೋಲಿಸಬೇಕಾದಾಗ ನಾವು ಮೊದಲು ಕೊಠಡಿಗಳನ್ನು ಎಣಿಸುತ್ತೇವೆ. ಶಿಕ್ಷಕರೆಷ್ಟು ಮಂದಿ, ಶೌಚಾಲಯ ಇದೆಯೇ, ಪ್ರಯೋಗಾಲಯ ಇದೆಯೇ ಎಂದು ಕೇಳುತ್ತೇವೆ. ಇವು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಇಂತಹ ಹೋಲಿಕೆ ಎಲ್ಲಿಯವರೆಗೆ ದಾರಿ ತೋರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ಒಂದು ಹಳ್ಳಿಗಾಡಿನ ಇತಿಹಾಸವನ್ನು ನೋಡಬೇಕು. ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸವದು. ಕೌಂಟಿ ಎಂದರೆ ನಮ್ಮ ತಾಲೂಕು, ಜಿಲ್ಲೆಗಳಂತಹ ಒಂದು ಆಡಳಿತ ವಿಭಾಗ. ಆದರೆ ತೆರಿಗೆ ಹಾಕಿ ಆ ಹಣದಿಂದ ಶಾಲೆಗಳನ್ನು ನಡೆಸುವ ಹೊಣೆ ಅಲ್ಲಿ ಬಹುಮಟ್ಟಿಗೆ ಕೌಂಟಿಯದೇ ಆಗಿರುತ್ತದೆ. ಹೊಗೆಸೊಪ್ಪು ಬೆಳೆಯುತ್ತಿದ್ದ ಈ ಸೀಮೆಯ ಮುಖ್ಯ ಪಟ್ಟಣ ಫಾರ್ಮ್‌ವಿಲ್.

ಬಿಳಿಯರಿಗೂ ಕಪ್ಪು ವರ್ಣೀಯರಿಗೂ ಬೇರೆ ಬೇರೆ ವ್ಯವಸ್ಥೆ ಇರಬಹುದು, ಅವು ಸಮಾನವಾಗಿದ್ದರೆ ಸಾಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಹೇಳಿತ್ತು. ಈ ತೀರ್ಪಿನ ನೆರಳಿನಲ್ಲಿ ಫಾರ್ಮ್‌ವಿಲ್‌ನಲ್ಲಿ ಎರಡು ಸರಕಾರಿ ಹೈಸ್ಕೂಲುಗಳು ನಡೆಯುತ್ತಿದ್ದವು. ಬಿಳಿಯರದು ಫಾರ್ಮ್‌ವಿಲ್ ಹೈಸ್ಕೂಲು. ಕಪ್ಪು ಮಕ್ಕಳದು ರಾಬರ್ಟ್ ರುಸ್ಸಾ ಮೋಟನ್ ಹೈಸ್ಕೂಲು.

ಇವುಗಳಲ್ಲಿ ಸಮಾನತೆ ಎಷ್ಟಿತ್ತು? ಮೋಟನ್ ಶಾಲೆಯನ್ನು 1939ರಲ್ಲಿ ಕಟ್ಟಿದ್ದು ಸುಮಾರು 180 ವಿದ್ಯಾರ್ಥಿಗಳಿಗಾಗಿ. 1950ರ ಹೊತ್ತಿಗೆ ಅಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೊಸ ಕಟ್ಟಡ ಕೇಳಿದ ಪೋಷಕರಿಗೆ ಸಿಕ್ಕಿದ್ದು ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರಿಗೆ ಸೆಕೆ, ದೂರ ಕೂತವರಿಗೆ ಚಳಿ. ಮಳೆ ಬಂದರೆ ಸೂರು ಸೋರುತ್ತಿತ್ತು. ಬಿಳಿಯರ ಶಾಲೆಯಲ್ಲಿದ್ದ ವ್ಯಾಯಾಮಶಾಲೆ, ಊಟದ ಹಾಲ್, ಅಸ್ವಸ್ಥ ಮಕ್ಕಳಿಗೆ ಆರೈಕೆಯ ಕೋಣೆ ಇಲ್ಲಿರಲಿಲ್ಲ. ಬಿಳಿಯರ ಶಾಲೆಗಳಲ್ಲಿ ಕಲಿಸುತ್ತಿದ್ದ ಭೌತಶಾಸ್ತ್ರ, ಜಗತ್ತಿನ ಇತಿಹಾಸದಂತಹ ವಿಷಯಗಳೂ ಇರಲಿಲ್ಲ. ಬಿಳಿಯ ಮಕ್ಕಳು ಬಳಸಿ ಬಿಟ್ಟ ಬಸ್ಸುಗಳೇ ಈ ಮಕ್ಕಳ ಪಾಲಿಗೆ ಬರುತ್ತಿದ್ದವು. ಇದು ಒಂದು ಊರಿನ ಕಥೆಯಷ್ಟೇ ಆಗಿರಲಿಲ್ಲ. ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯಲ್ಲಿ 1949-50ರಲ್ಲಿ ಒಬ್ಬ ಬಿಳಿಯ ವಿದ್ಯಾರ್ಥಿಗೆ 179 ಡಾಲರ್ ಖರ್ಚಾಗುತ್ತಿದ್ದರೆ, ಕಪ್ಪು ವಿದ್ಯಾರ್ಥಿಗೆ 43 ಡಾಲರ್ ಮಾತ್ರ.

ಹಿರಿಯರ ಮನವಿಗಳು ಫಲಿಸದಿದ್ದಾಗ ಮಕ್ಕಳೇ ಎದ್ದು ನಿಂತರು. 1951ರ ಏಪ್ರಿಲ್ 23ರಂದು ಪೇಟೆಯಲ್ಲಿ ಮೋಟನ್ ವಿದ್ಯಾರ್ಥಿಗಳು ತೊಂದರೆಗೆ ಸಿಕ್ಕಿದ್ದಾರೆಂಬ ಸುಳ್ಳು ಫೋನ್ ಕರೆ ಮಾಡಿ ಮುಖ್ಯೋಪಾಧ್ಯಾಯರನ್ನು ಹೊರಗೆ ಕಳುಹಿಸಲಾಯಿತು. ಅವರ ಹೆಸರಿನಲ್ಲಿ ಸಭೆಗೆ ಕರೆ ಹೋಯಿತು. ತೆರೆ ಸರಿದಾಗ ವೇದಿಕೆಯ ಮೇಲಿದ್ದವಳು 16ರ ಹರೆಯದ ಬಾರ್ಬರಾ ಜಾನ್ಸ್. ಅವಳ ಮಾತು ಕೇಳಿ ಇಡೀ ಶಾಲೆ ತರಗತಿ ಬಿಟ್ಟು ಹೊರನಡೆಯಿತು. ಮುಷ್ಕರ ಸುಮಾರು ಎರಡು ವಾರ ನಡೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಕ್ಕಳು ಮೊದಲು ಕೇಳಿದ್ದು ಬಿಳಿಯರ ಶಾಲೆಯಲ್ಲಿ ಸ್ಥಾನವನ್ನಲ್ಲ. ಅದರಷ್ಟೇ ಒಳ್ಳೆಯ ಕಟ್ಟಡವನ್ನು. ಅವರ ನೆರವಿಗೆ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಒಂದು ಷರತ್ತು ಹಾಕಿದರು. ಪ್ರತ್ಯೇಕತೆಯನ್ನೇ ಪ್ರಶ್ನಿಸುವುದಾದರೆ ಮಾತ್ರ ಮೊಕದ್ದಮೆ ಹೂಡುತ್ತೇವೆ ಎಂದರು. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಅವರ ಚರ್ಚಿನಲ್ಲಿ ಸಭೆ ಸೇರಿತು, ಚರ್ಚೆ ನಡೆಯಿತು, ಪೋಷಕರು ಒಪ್ಪಿದರು. ಆ ಒಪ್ಪಿಗೆ ಸುಲಭದ್ದಾಗಿರಲಿಲ್ಲ. ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಬಾರ್ಬರಾಳ ಸುರಕ್ಷತೆಗೆ ಹೆದರಿದ ಮನೆಯವರು ಅವಳನ್ನು ಅಲಬಾಮಾದ ಮಾಂಟ್‌ಗೊಮರಿಯಲ್ಲಿದ್ದ ತಂದೆಯ ಸಹೋದರನ ಮನೆಗೆ ಕಳುಹಿಸಿದರು.

1952ರಲ್ಲಿ ಕೆಳಗಿನ ಕೋರ್ಟು ಎರಡೂ ಶಾಲೆಗಳನ್ನು ಹೋಲಿಸಿ ನೋಡಿತು. ಕಟ್ಟಡ, ಪಾಠವಿಷಯ, ಬಸ್ಸು ಮೂರರಲ್ಲೂ ಅಸಮಾನತೆ ಇದೆ ಎಂದು ಒಪ್ಪಿತು. ಅದನ್ನು ಸರಿಪಡಿಸಲು ಆದೇಶಿಸಿತು. ಆದರೆ ಮಕ್ಕಳನ್ನು ಬೇರ್ಪಡಿಸುವುದರಿಂದ ಯಾರಿಗೂ ಹಾನಿಯಿಲ್ಲ ಎಂದುಬಿಟ್ಟಿತು. 1953ರಲ್ಲಿ 8 ಲಕ್ಷ ಡಾಲರಿಗೂ ಹೆಚ್ಚು ವೆಚ್ಚದ ಹೊಸ ಮೋಟನ್ ಶಾಲೆ ತೆರೆಯಿತು. ಮಕ್ಕಳು ಮೊದಲು ಕೇಳಿದ್ದ ಕಟ್ಟಡ ಕೈಗೆ ಬಂದಿತ್ತು. ಕೊಠಡಿ ಎಣಿಸುವವರ ಲೆಕ್ಕದಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪೋಷಕರು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಿಲ್ಲ. ನಾಲ್ಕು ರಾಜ್ಯಗಳ ಮೊಕದ್ದಮೆಗಳನ್ನು ಒಟ್ಟುಗೂಡಿಸಿ 1954ರ ಮೇ 17ರಂದು ಸುಪ್ರೀಂ ಕೋರ್ಟ್ ನೀಡಿದ ಬ್ರೌನ್ ತೀರ್ಪಿನಲ್ಲಿ ಇದೂ ಒಂದಾಗಿತ್ತು. ಕಟ್ಟಡ ಮತ್ತು ಸಂಬಳ ಸಮನಾಗಿದ್ದರೂ ಬಣ್ಣದ ಆಧಾರದಲ್ಲಿ ಮಕ್ಕಳನ್ನು ಬೇರ್ಪಡಿಸುವುದೇ ಅಸಮಾನತೆ ಎಂದು ಕೋರ್ಟು ಸಾರಿತು.

ಈ ಮಾತು ಎಷ್ಟು ಸತ್ಯ ಎಂಬುದನ್ನು ಮುಂದೆ ಪ್ರಿನ್ಸ್ ಎಡ್ವರ್ಡಿನ ಆಡಳಿತಗಾರರೇ ತೋರಿಸಿಕೊಟ್ಟರು. ಒಟ್ಟಿಗೆ ಕಲಿಸಲೇಬೇಕೆಂಬ ಆದೇಶ 1959ರಲ್ಲಿ ಬಾಗಿಲಿಗೆ ಬಂದಾಗ ಅವರು ಶಾಲೆಗಳಿಗೆ ಹಣ ಕೊಡುವುದನ್ನೇ ನಿಲ್ಲಿಸಿದರು. ಕೌಂಟಿಯ ಎಲ್ಲಾ ಸರಕಾರಿ ಶಾಲೆಗಳಿಗೂ ಬೀಗ ಬಿತ್ತು. ಬಿಳಿಯರ ಮಕ್ಕಳಿಗಾಗಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ಕೂಡಲೇ ಆರಂಭವಾಯಿತು. ರಾಜ್ಯದ ಶುಲ್ಕ ಅನುದಾನ, ಕೌಂಟಿಯ ತೆರಿಗೆ ರಿಯಾಯಿತಿಗಳ ರೂಪದಲ್ಲಿ ಸಾರ್ವಜನಿಕ ಹಣವೂ ಅತ್ತ ಹರಿಯಿತು. ನಿಮ್ಮ ಮಕ್ಕಳಿಗೂ ಪ್ರತ್ಯೇಕ ಖಾಸಗಿ ಶಾಲೆ ತೆರೆಯುತ್ತೇವೆ ಎಂದು ಕಪ್ಪು ಪೋಷಕರಿಗೆ ಆಹ್ವಾನ ಬಂತು. ಕೋರ್ಟಿನಲ್ಲಿ ಗೆದ್ದ ಹಕ್ಕನ್ನು ಹಿಂಬಾಗಿಲಿನಿಂದ ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ. ಆ ಆಹ್ವಾನವನ್ನು ಬಹುತೇಕ ಯಾರೂ ಸ್ವೀಕರಿಸಲಿಲ್ಲ.

ಆ ನಿರಾಕರಣೆಗೆ ಬೆಲೆ ತೆತ್ತವರು ಮಕ್ಕಳು. ಕೆಲವರನ್ನು ಬೇರೆ ಊರಿನ ನೆಂಟರ ಮನೆಗೆ ಕಳುಹಿಸಲಾಯಿತು. ಕೆಲವರಿಗೆ ಕ್ವೇಕರ್ ಪಂಥದವರ ಸೇವಾಸಂಸ್ಥೆ ಬೇರೆ ರಾಜ್ಯಗಳಲ್ಲಿ ನೆಲೆ ಒದಗಿಸಿತು. ಚರ್ಚುಗಳ ಕೋಣೆಗಳಲ್ಲಿ ಅಷ್ಟಿಷ್ಟು ಅಕ್ಷರಾಭ್ಯಾಸ ನಡೆಯಿತು. ಉಳಿದವರು ಹೊಲದ ಕೆಲಸಕ್ಕೆ ಹೋದರು. ಅನೇಕರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಶುಲ್ಕ ಕೊಡಲಾಗದ ಕೆಲವು ಬಡ ಬಿಳಿಯರ ಮಕ್ಕಳೂ ಇದೇ ಗತಿಗೆ ಸಿಕ್ಕಿದರು. 1963ರಲ್ಲಿ ಕೆನಡಿ ಸರಕಾರದ ಪ್ರೋತ್ಸಾಹ ಮತ್ತು ದಾನದ ಹಣದಿಂದ ಒಂದು ವರ್ಷದ ಮಟ್ಟಿಗೆ ಉಚಿತ ಶಾಲೆಗಳು ತೆರೆದವು. 1964ರ ಮೇ ತಿಂಗಳಲ್ಲಿ ಗ್ರಿಫಿನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೌಂಟಿಯ ವಿರುದ್ಧ ತೀರ್ಪು ನೀಡಿದ ಮೇಲಷ್ಟೇ ಸರಕಾರಿ ಶಾಲೆಗಳ ಬೀಗ ತೆರೆಯಿತು. ಆಗಲೂ ಅಲ್ಲಿಗೆ ಬಂದ ಬಿಳಿಯ ಮಕ್ಕಳು ಬೆರಳೆಣಿಕೆಯಷ್ಟು.

ಸುಮಾರು ನಾಲ್ಕು ದಶಕಗಳ ಬಳಿಕ, 2003ರಲ್ಲಿ, ವರ್ಜೀನಿಯಾ ಶಾಸನಸಭೆ ಈ ಬಗ್ಗೆ ವಿಷಾದ ಸೂಚಿಸಿತು. ಮರುವರ್ಷ, ಶಾಲೆ ಕಳೆದುಕೊಂಡವರ ಓದಿಗಾಗಿ ವಿದ್ಯಾರ್ಥಿವೇತನ ಯೋಜನೆ ತಂದಿತು. ಅಷ್ಟರಲ್ಲಿ ಆ ಮಕ್ಕಳಿಗೆ ಐವತ್ತು ದಾಟಿತ್ತು. ಹಳೆಯ ಮೋಟನ್ ಶಾಲೆ ಇಂದು ವಸ್ತುಸಂಗ್ರಹಾಲಯವಾಗಿದೆ.

ಈ ಇತಿಹಾಸದಿಂದ ನಾವು ತಿಳಿಯುವುದೇನು? ಶೆಡ್ಡನ್ನೂ ಕಟ್ಟಡವನ್ನೂ ಹೋಲಿಸಿದ್ದರಿಂದಲೇ ಮಕ್ಕಳಿಗೆ ಅನ್ಯಾಯ ಕಣ್ಣಿಗೆ ಕಂಡಿತು. ಆ ಹೋಲಿಕೆ ವ್ಯರ್ಥವಾಗಲಿಲ್ಲ. ಆದರೆ ಹೊಸ ಕಟ್ಟಡ ಬಂದ ಮೇಲೂ, ಬೀಗ ಹಾಕುವಾಗ ಬೀದಿಗೆ ಬಿದ್ದವರು ಮುಖ್ಯವಾಗಿ ಕಪ್ಪು ಮಕ್ಕಳೇ. ಅಧಿಕಾರದಲ್ಲಿದ್ದವರ ಮಕ್ಕಳು ಆಗಲೇ ಬೇರೆ ಬಾಗಿಲಿನಿಂದ ಬೇರೆ ಶಾಲೆ ಸೇರಿಯಾಗಿತ್ತು. ಆದ್ದರಿಂದ ಯಾವುದೇ ಊರಿನ ಶಾಲೆಗಳನ್ನು ಹೋಲಿಸುವಾಗ ಕೊಠಡಿಗಳ ಲೆಕ್ಕದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಬೇಕು: ಈ ಶಾಲೆಗೆ ಹಣ ಕೊಡುವ ತೀರ್ಮಾನ ಮಾಡುವವರ ಮಕ್ಕಳು ಇದೇ ಬೆಂಚಿನ ಮೇಲೆ ಕೂರುತ್ತಾರೆಯೇ?